ಹತ್ತೊಂಬತ್ತು ಫೋಟೋಗಳ ರೀಲು

ಮನೆ, ಮೂರನೆಯ ಮಹಡಿ
ತಾರೀಖು ಹತ್ತು, ಶನಿವಾರ ಬೆಳಿಗ್ಗೆ

ಪ್ರೀತಿಯ ಮರಿ,

ಹೇಗಿದ್ದೀಯ? ಪ್ರತಿ ಭಾನುವಾರ ನಿನ್ನ ಅಮ್ಮ ಫೋನಿನಲ್ಲಿ ಇದೇ ಪ್ರಶ್ನೆ ಕೇಳುತ್ತಾಳೆ. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದುಕೊಂಡು ಉತ್ತರಕ್ಕೆ ಕಿವಿಗೊಟ್ಟಿರುತ್ತೇನೆ. ನನಗೆ ಕೇಳಿಸುವುದು ಮಾತ್ರ ಅವಳ 'ಹೂಂ', 'ಹೌದಾ', 'ಅಯ್ಯೋ'. ಆ ಮೂರರಿಂದಲೇ ನಿನ್ನ ಆರೋಗ್ಯವನ್ನು ಊಹಿಸಿಕೊಳ್ಳಬೇಕು. ಹೋದ ವಾರ ಎರಡು 'ಅಯ್ಯೋ' ಬಂದವು. ವಿಚಾರಿಸಿದರೆ ಒಂದು ನಿನ್ನ ಹಲ್ಲುನೋವಿಗೆ, ಇನ್ನೊಂದು ನಮ್ಮ ಒಲೆಯ ಮೇಲಿನ ಹಾಲು ಉಕ್ಕಿದ್ದಕ್ಕೆ ಅಂದಳು. ಹಲ್ಲು ಈಗ ಹೇಗಿದೆ? ತೋರಿಸಿಕೊಂಡೆಯಾ? ನಿನ್ನ ಕೆಲಸದಲ್ಲಿ ಪುಸ್ತಕ ಹೊಲಿಯುವ ದಾರವನ್ನು ಹಲ್ಲಿನಿಂದ ಕಡಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡು, ಕತ್ತರಿ ಅಂತ ಒಂದು ವಸ್ತು ಇದೆ. ನಮ್ಮ ಕಡೆ, ಅಮ್ಮನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ಕಟ್ಟಡದ ಲಿಫ್ಟ್ ಮಾತ್ರ ಚೆನ್ನಾಗಿಲ್ಲ, ಎರಡನೆಯ ಮಹಡಿ ದಾಟುವಾಗ ಕೆಮ್ಮುತ್ತದೆ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂರುವುದು ಹೇಗೆ? ಈಗಿನ ಮೆಕ್ಯಾನಿಕ್‌ಗೆ ಹೇಳಿದರೆ, 'ಯಜಮಾನ್ರೇ, ನೀವು ಮೆಟ್ಟಿಲು ಹತ್ತಿ, ಆರೋಗ್ಯಕ್ಕೆ ಒಳ್ಳೇದು' ಅನ್ನುತ್ತಾನೆ.

ಮೂರು ವರ್ಷದಿಂದ ನೀನು ನನ್ನೊಡನೆ ಮಾತಾಡಿಲ್ಲ. ಈ ಕಾಗದವನ್ನು ಓದದೆ ಹರಿದು ಹಾಕಿದರೂ ಹಾಕಬಹುದು. ಆದರೆ ನಿನ್ನದೊಂದು ವಸ್ತು ನನ್ನ ಕೈಗೆ ಸಿಕ್ಕಿದೆ. ಅದನ್ನು ಕೆಡಿಸದೆ ನಿನಗೆ ಮುಟ್ಟಿಸುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದೆ. ಮೊದಲಿನಿಂದ ಹೇಳುತ್ತೇನೆ.

ನಾಲ್ಕು ತಿಂಗಳ ಹಿಂದೆ ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಾ ನಿನ್ನ ಕಪಾಟು ತೆರೆದೆ. (ಸ್ಕ್ರೂಡ್ರೈವರ್ ನಿನ್ನ ಕಪಾಟಿನಲ್ಲಿ ಯಾಕಿರುತ್ತದೆ ಅಂತ ಕೇಳಬೇಡ, ಅಮ್ಮ ಆಗಲೇ ಕೇಳಿದ್ದಾಳೆ.) ಕೆಳಗಿನ ಅರೆಯಲ್ಲಿ, ನಿನ್ನ ನೀಲಿ ಸ್ವೆಟರಿನ ತೋಳಿನೊಳಗೆ, ಆ ಕರಿ ಕ್ಯಾಮೆರಾ ಇತ್ತು. ಹಳೇ ಸಾಮಾನಿನ ಸಂತೆಯಿಂದ ಎರಡು ಲೋಟ ಚಹಾದ ಬೆಲೆಗೆ ತಂದು, 'ಒತ್ತಿದರೆ ಸಾಕು ಅಪ್ಪಾ, ಬೇರೇನೂ ತಿರುಗಿಸೋ ಹಾಗೇ ಇಲ್ಲ' ಅಂತ ನೀನು ಕುಣಿದಾಡಿದ್ದೆಯಲ್ಲ, ಅದೇ. ತಿರುಗಿಸುವುದಕ್ಕೆ ಏನೂ ಇಲ್ಲದ ಯಂತ್ರ ಎಂಥ ಯಂತ್ರ ಅಂತ ಆಗ ನಾನು ಮೂಗು ಮುರಿದಿದ್ದೆ. ಈಗ ನೋಡಿದರೆ ಬೆನ್ನಿನ ಕಿಟಕಿಯಲ್ಲಿ ರೀಲು ಕಾಣುತ್ತಿತ್ತು, ಮೇಲೆ ಹತ್ತೊಂಬತ್ತು ಅಂತ ಅಂಕಿ ನಿಂತಿತ್ತು. ನನ್ನ ಹೆಬ್ಬೆರಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಅಂತ ನಿನಗೆ ಗೊತ್ತು. ಮುಚ್ಚಳವಿದ್ದದ್ದನ್ನು ತೆರೆಯುವುದು ಅದರ ಹುಟ್ಟುಗುಣ. ಅದು ಆಗಲೇ ಬೆನ್ನಿನ ಬಾಗಿಲಿನ ಚಿಲಕದ ಮೇಲೆ ಹೋಗಿ ಕೂತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಮ್ಮ, 'ಅದನ್ನೂ ತೆರೀತೀರಾ?' ಅಂದಳು. ಜೋರಾಗಿ ಅನ್ನಲಿಲ್ಲ. ನಾನು ಕ್ಯಾಮೆರಾವನ್ನು ಸ್ವೆಟರಿನೊಳಗೆ ಇಟ್ಟು ಕಪಾಟು ಮುಚ್ಚಿದೆ.

ಅವಳು 'ಅದನ್ನೂ' ಅಂದದ್ದು ಯಾವುದನ್ನು ನೆನೆದು ಅಂತ ನಮ್ಮ ಮೂವರಿಗೂ ಗೊತ್ತು. ವಸ್ತುಸಂಗ್ರಹಾಲಯದಿಂದ ನಿನಗೆ ಬಂದ ಕೆಲಸದ ಕಾಗದ. ಹಳೆಯ ಹಸ್ತಪ್ರತಿಗಳನ್ನು ದುರಸ್ತಿ ಮಾಡುವ ಕೆಲಸ, ನೀನು ಎರಡು ವರ್ಷ ಕಾದಿದ್ದ ಕೆಲಸ. ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಸೇರುವ ತಾರೀಖು ದಾಟಿತ್ತು. ನೀನು ಲಕೋಟೆಯ ಬಾಯಿಯನ್ನು ಮೂಗಿನ ಹತ್ತಿರ ಹಿಡಿದು, ನನ್ನ ಮುಖ ನೋಡಿ, 'ಅಪ್ಪಾ, ಇದು ಲಿಫ್ಟ್ ವಾಸನೆ' ಅಂದೆ. ಅದು ಲಿಫ್ಟ್ ಬಾಗಿಲಿನ ರಬ್ಬರ್ ಪಟ್ಟಿಗೆ ಹಚ್ಚುವ ಹಳದಿ ಅಂಟು. ಕಾಗದ, ಗೋಂದು, ಅಂಟು ಇವನ್ನೇ ಓದಿ ಪಾಸಾದ ಮಗಳ ಮುಂದೆ ಅದರ ವಾಸನೆ ಅಡಗುತ್ತದೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಕೇಳದಿದ್ದರೂ ನಾನು 'ಅಂಚೆಯವರು ತಡ ಮಾಡಿದ್ದಾರೆ' ಅಂದೆ. ಇವತ್ತಿನವರೆಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಇರಲಿ, ಆ ವಿಷಯ ಇಲ್ಲಿಗೆ ಬಿಟ್ಟು ಕ್ಯಾಮೆರಾಕ್ಕೆ ಬರುತ್ತೇನೆ.

ಕಪಾಟು ಮುಚ್ಚಿದೆನೇ ಹೊರತು ತಲೆ ಮುಚ್ಚಲಿಲ್ಲ. ಆ ಡಬ್ಬಿಯೊಳಗೆ ಹತ್ತೊಂಬತ್ತು ಫೋಟೋ ಇವೆ, ಅವು ನೀನು ಮನೆ ಬಿಡುವ ಮುಂಚಿನ ತಿಂಗಳುಗಳವು, ಅವುಗಳಲ್ಲಿ ಏನಿದೆ? ತೆರೆಯಬಾರದು ಸರಿ, ಆದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಯಾರ ಅಡ್ಡಿ? ಮುಂದಿನ ಭಾನುವಾರ ಅದೇ ಸಂತೆಗೆ ಹೋಗಿ, ನಿನ್ನದರ ಅಣ್ಣನಂಥ ಒಂದು ಬೂದು ಬಣ್ಣದ ಕ್ಯಾಮೆರಾ ತಂದೆ. ಇದ್ದಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡರು ಅಂತ ಅಮ್ಮ ಆವತ್ತೇ ಹೇಳಿದಳು. ಹನ್ನೊಂದು ಫೋಟೋ ತೆಗೆದ ಮೇಲೆ ರೀಲು ಓಡುತ್ತಿದೆಯೋ ಇಲ್ಲವೋ ಅಂತ ಅನುಮಾನ ಬಂದು ಬೆನ್ನಿನ ಬಾಗಿಲು ತೆರೆದು ನೋಡಿ, ಓಡುತ್ತಿದೆ ಅಂತ ಖಾತ್ರಿ ಮಾಡಿಕೊಂಡು ಮುಚ್ಚಿದೆ. ಎರಡನೆಯ ರೀಲು ಇನ್ನೂ ಚೆನ್ನಾಗಿತ್ತು, ಮೂವತ್ತಾರು ಫೋಟೋದ ರೀಲಿನಲ್ಲಿ ನಲವತ್ತೊಂದು ತೆಗೆದೆ. ಕಂಪನಿಯವರು ಧಾರಾಳಿಗಳು ಅಂತ ಖುಷಿಯಾಯಿತು.

ಎರಡನ್ನೂ ತೊಳೆಸಲು ಸ್ಟುಡಿಯೋಗೆ ಕೊಟ್ಟೆ. ಕ್ಷೌರದಂಗಡಿಯ ಮಹಡಿಯಲ್ಲಿ ಒಬ್ಬ ಹೆಂಗಸು ಇನ್ನೂ ಕೈಯಾರೆ ರೀಲು ತೊಳೆಯುತ್ತಾಳೆ. ಇಡೀ ದಿನ ಕತ್ತಲ ಕೋಣೆಯಲ್ಲಿರುವುದರಿಂದ ನಾನು ಇಟ್ಟ ಹೆಸರು ಕತ್ತಲಮ್ಮ. ಅವಳು ಮೊದಲನೆಯದನ್ನು ಬೆಳಕಿಗೆ ಹಿಡಿದು, 'ಬಾಗಿಲು ತೆಗೆದು ನೋಡಿದ್ರಾ?' ಅಂದಳು. ಹೌದಮ್ಮ, ಒಂದೇ ಕ್ಷಣ ಅಂದೆ. 'ಒಂದು ಕ್ಷಣ ಸಾಕು ಯಜಮಾನ್ರೇ, ಅಷ್ಟಕ್ಕೇ ಎಲ್ಲಾ ಸುಟ್ಟು ಹೋಗಿದೆ' ಅಂದಳು. ಎರಡನೆಯ ರೀಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲವಂತೆ. ನಲವತ್ತೊಂದು ಸಲ ನಾನು ಗಾಳಿಯ ಫೋಟೋ ತೆಗೆದಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ ಮರಿ. ನಿನ್ನ ಕ್ಯಾಮೆರಾದ ಚಿಲಕದ ಮೇಲೆ ಕೂತಿದ್ದ ಹೆಬ್ಬೆರಳು ನೆನಪಾಗಿ ಅವಳ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಮ್ಮ ಅವತ್ತು ಇನ್ನೊಂದು ಉಸಿರು ತಡವಾಗಿ ಬಂದಿದ್ದರೆ ನಿನ್ನ ಹತ್ತೊಂಬತ್ತೂ ಹೋಗಿರುತ್ತಿದ್ದವು.

ಆಮೇಲೆ ಬುದ್ಧಿ ಬಂತು, ಜೊತೆಗೆ ಹುಚ್ಚೂ ಹಿಡಿಯಿತು. ಈಗ ನನ್ನ ಬಳಿ ಐದು ಕ್ಯಾಮೆರಾ ಇವೆ. ಅಮ್ಮ ಏಳು ಅನ್ನುತ್ತಾಳೆ, ಬಿಚ್ಚಿಟ್ಟ ಎರಡನ್ನು ಲೆಕ್ಕಕ್ಕೆ ಸೇರಿಸಬಾರದು. ಒಂದರ ಮುಂಭಾಗ ಜಾರಿಸಿದರೆ ಕಣ್ಣು ಬಿಡುತ್ತದೆ, ಇನ್ನೊಂದರ ಫ್ಲಾಶ್ ಮನಸ್ಸು ಬಂದಾಗ ಮಾತ್ರ ಹೊಳೆಯುತ್ತದೆ, ಮತ್ತೊಂದು ಪ್ರತಿ ಫೋಟೋ ಆದ ಮೇಲೆ 'ಝರ್ರ್' ಅಂತ ರೀಲನ್ನು ತಾನೇ ಎಳೆದುಕೊಳ್ಳುತ್ತದೆ. ಆ ಸದ್ದಿಗೆ ನಾನು ಸೋತುಹೋದೆ, ಒಳ್ಳೆಯ ಲಿಫ್ಟಿನ ಬಾಗಿಲು ಮುಚ್ಚುವ ಸದ್ದೇ ಅದು. ನೀನು ಹೇಳಿದ್ದು ನಿಜ, ಒತ್ತಿದರೆ ಸಾಕು. ಕಟ್ಟಡದ ಮೇಲಿನ ಮೋಟರ್ ಕೋಣೆ, ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳು, ಒದ್ದೆ ಬಟ್ಟೆ ಹಿಂಡುವ ಅಮ್ಮನ ಕೈ, ಏನೇನೋ ತೆಗೆದೆ. ಮೂರರಲ್ಲಿ ನನ್ನ ಬೆರಳೇ ಇದೆ, ನಾಲ್ಕರಲ್ಲಿ ಅಮ್ಮನಿಗೆ ತಲೆ ಇಲ್ಲ. ಆದರೆ ಒಂದರಲ್ಲಿ ಅವಳು ಕಿಟಕಿಯ ಹತ್ತಿರ ಕನ್ನಡಕ ಒರೆಸುತ್ತಾ ಯಾರನ್ನೋ ನೆನೆದು ನಗುತ್ತಿದ್ದಾಳೆ. ನಲವತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಆ ನಗುವನ್ನು ನಾನು ನೋಡಿರಲಿಲ್ಲ. ಅದು ಬಂದಿದೆಯೋ ಇಲ್ಲವೋ ಅಂತ ಎಂಟು ದಿನ ಕಾಯಬೇಕಾಯಿತು. ಕುಕ್ಕರ್ ಕೂಗುವವರೆಗೂ ಕಾಯಲಾರದ ನಾನು ಎಂಟು ದಿನ ಕಾದೆ! ದಿನಕ್ಕೆರಡು ಸಲ ಕ್ಷೌರದಂಗಡಿಯ ಮುಂದೆ ಸುಳಿದಾಡಿದ್ದರಿಂದ ಕ್ಷೌರಿಕ ಎರಡು ಸಲ ನನ್ನ ಕೂದಲು ಕತ್ತರಿಸಿದ. ಈಗ ತಲೆಯಲ್ಲಿ ಏನೂ ಉಳಿದಿಲ್ಲ.

ಹೋದ ಸೋಮವಾರ ಕತ್ತಲಮ್ಮ ಸುದ್ದಿ ಹೇಳಿದಳು. ಈ ತಿಂಗಳ ಕೊನೆಗೆ ಅವಳು ತೊಳೆಯುವ ಕೆಲಸ ನಿಲ್ಲಿಸುತ್ತಾಳೆ. ಔಷಧಿಯ ಘಾಟಿಗೆ ಉಬ್ಬಸ ಬಂದಿದೆ, ಡಾಕ್ಟರು ಗದರಿದ್ದಾರೆ. ಬೇರೆ ಯಾರಾದರೂ ಇದ್ದಾರೆಯೇ ಅಂದರೆ ಇಲ್ಲವೆಂದು ತಲೆಯಾಡಿಸಿದಳು. ಫೋಟೋ ತೆಗೆದು ವರ್ಷಗಟ್ಟಲೆ ಇಟ್ಟ ರೀಲು ಏನಾಗುತ್ತದೆ ಅಂತ ಕೇಳಿದೆ. 'ಇಟ್ಟಷ್ಟೂ ಮಾಸುತ್ತೆ' ಅಂದಳು. ಅವತ್ತು ಮನೆಗೆ ಬಂದು ಸ್ವೆಟರಿನೊಳಗಿಂದ ಕ್ಯಾಮೆರಾ ತೆಗೆದುಕೊಂಡು, ಅಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಮತ್ತೆ ಹೋದೆ. ಕತ್ತಲಮ್ಮ ಹೊಸ ಬ್ಯಾಟರಿ ಹಾಕಿ ಕೆಳಗಿನ ಸಣ್ಣ ಗುಂಡಿ ಒತ್ತಿದಳು. ರೀಲು ತಾನೇ ಸುತ್ತಿಕೊಂಡು ಡಬ್ಬಿಯೊಳಗೆ ಸೇರಿತು. 'ಕೊಟ್ಟು ಹೋಗಿ, ಇದೊಂದನ್ನ ಇವತ್ತೇ ತೊಳೀತೀನಿ, ಸಂಜೆ ಬಂದು ನೋಡ್ಕೊಳ್ಳಿ' ಅಂದಳು. ಸಂಜೆ! ನಾಲ್ಕು ತಿಂಗಳು ನಿದ್ದೆಗೆಡಿಸಿದ್ದು ಸಂಜೆಗೆ ಗೊತ್ತಾಗಿಬಿಡುತ್ತಿತ್ತು. ಅಮ್ಮ ಗೋಡೆಯ ಮೇಲಿನ ಫೋಟೋ ನೋಡುತ್ತಾ ನಿಂತಳು. ನಾನು 'ಬೇಡಮ್ಮಾ, ಅದು ನಂದಲ್ಲ' ಅಂದೆ. ರೀಲನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಐದು ದಿನದಿಂದ ಆ ರೀಲು ಊಟದ ಮೇಜಿನ ಮೇಲಿದೆ. ನಾನು ಆ ಮೇಜಿನ ಸುತ್ತ ಸುತ್ತುತ್ತಿದ್ದೇನೆ. ನನಗೆ ತಿಳಿಯಬೇಕಾದದ್ದು ಒಂದೇ, ಆ ಹತ್ತೊಂಬತ್ತರಲ್ಲಿ ಒಂದರಲ್ಲಾದರೂ ನಾನಿದ್ದೇನೆಯೇ? ಮೂಲೆಯಲ್ಲಾದರೂ, ತಲೆ ಇಲ್ಲದೆಯಾದರೂ? ಆದರೆ ಅದನ್ನು ನೀನೇ ಹೇಳಬೇಕು, ನಾನಾಗಿ ತೆರೆದು ನೋಡುವ ಹಾಗಿಲ್ಲ. ಅದಕ್ಕೇ ರೀಲನ್ನು ಬೇರೆ ಪೊಟ್ಟಣದಲ್ಲಿ ನಿನಗೆ ಕಳಿಸುತ್ತಿದ್ದೇನೆ. ಬಟ್ಟೆ ಸುತ್ತಿ ಸೂಜಿಯಿಂದ ಹೊಲಿದಿದ್ದೇನೆ. ಪುಸ್ತಕ ಹೊಲಿಯುವವಳು ನನ್ನ ಹೊಲಿಗೆ ನೋಡಿ ನಗಬೇಡ, ಆದರೆ ಅದು ಬಿಚ್ಚಿಲ್ಲ ಅನ್ನುವುದನ್ನು ನೋಡಿಕೋ. ತೊಳೆಸಬೇಕೆನಿಸಿದರೆ ಒಳಗೆ ಕತ್ತಲಮ್ಮನ ವಿಳಾಸವಿದೆ, ಇಪ್ಪತ್ತೈದರೊಳಗೆ ಅವಳಿಗೆ ಸೇರುವಂತೆ ಕಳಿಸು. ಫೋಟೋಗಳನ್ನು ಅವಳು ನೇರವಾಗಿ ನಿನಗೇ ಕಳಿಸುತ್ತಾಳೆ. ನಾನು ಎಷ್ಟೇ ಗೋಗರೆದರೂ ತೋರಿಸಕೂಡದು ಅಂತ ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಬೇಡವೆನಿಸಿದರೆ ಇಟ್ಟುಕೋ, ಎಸೆ, ನಿನ್ನಿಷ್ಟ.

ಹಲ್ಲು ಜೋಪಾನ. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಅಮ್ಮನ ಆಶೀರ್ವಾದ ಎಂದಿನಂತೆ ನಿನ್ನ ತಲೆಯ ಮೇಲಿದೆ. ನನ್ನದೂ ಅದರ ಪಕ್ಕದಲ್ಲೇ ನಿಂತಿದೆ, ಜಾಗ ಕೊಟ್ಟರೆ ಕೂರುತ್ತದೆ.

ನಿನ್ನ
ಅಪ್ಪ

ವಿ.ಸೂ.: ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದೆ, ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅಂಚೆಯವರು ತಡ ಮಾಡಿರಲಿಲ್ಲ. ನಿನ್ನ ಕಾಗದ ಸರಿಯಾದ ಹೊತ್ತಿಗೇ ಬಂದಿತ್ತು. ಹಬೆಗೆ ಹಿಡಿದು ತೆರೆದು ಓದಿದೆ. ನೀನು ದೂರ ಹೋಗಿಬಿಡುತ್ತೀಯ ಅಂತ ಹೆದರಿ ಒಂಬತ್ತು ದಿನ ಟೂಲ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ, ಆಮೇಲೆ ಆ ಅಂಟು ಹಚ್ಚಿದೆ. ನಿನ್ನ ಕೆಲಸ ತಪ್ಪಿದ್ದು ನನ್ನಿಂದ. ತಪ್ಪಾಯಿತು ಮರಿ. ಈ ಪತ್ರದ ಲಕೋಟೆಗೆ ಅಂಟು ಹಚ್ಚುತ್ತಿಲ್ಲ, ಬಾಯಿ ತೆರೆದೇ ಕಳಿಸುತ್ತಿದ್ದೇನೆ. ನಿನಗಿಂತ ಮೊದಲು ಯಾರು ಓದಿದರೂ ಓದಿಕೊಳ್ಳಲಿ.