ನೆಸ್ಟರ್‌ನನ್ನೇ ಆಡಿಸುವುದೋ, ಬಿಡುವುದೋ

ಬಾರ್ಲೋ, ಪಶ್ಚಿಮ ಟೆಕ್ಸಾಸ್
ಅಕ್ಟೋಬರ್ 27, 1991
ಭಾನುವಾರ ಮಧ್ಯಾಹ್ನ

ಪ್ರಿಯ ರಾಯ್ಸ್,

ಪ್ರಿಯ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದೆ. ಬೇರೆಯಾಗಿ ಎರಡು ವರ್ಷವಾದರೂ ಆ ಪದಕ್ಕೆ ಬದಲಿ ಪದ ಸಿಗಲಿಲ್ಲ. ಇರಲಿ ಬಿಡು. ಫೋನಿನಲ್ಲಿ ಮಾತಾಡಿದರೆ ನಾವು ಕುಶಲ ಕೇಳಿ ಮುಗಿಸುವ ಮೊದಲೇ ಜಗಳಕ್ಕೆ ಬೀಳುತ್ತೇವೆ. ಸಮುದ್ರದ ನಡುವಿನ ಆ ಎಣ್ಣೆ ಬಾವಿಯ ಅಟ್ಟದಿಂದ ನೀನು ಕೂಗುವುದು, ಅಡುಗೆಮನೆಯಿಂದ ನಾನು ಕೂಗುವುದು, ಪಕ್ಕದ ಕೋಣೆಯಲ್ಲಿ ಮಗ ಗ್ಯಾರೆಟ್ ರೇಡಿಯೊ ಜೋರು ಮಾಡುವುದು. ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರದ ಆಟದ ಸುದ್ದಿಯನ್ನು ಟೈರು ಅಂಗಡಿಯ ಹಾರ್ಲನ್ ಬೆಟಿಸ್ ಆಗಲೇ ನಿನಗೆ ಮುಟ್ಟಿಸಿರುತ್ತಾನೆ. ಆದರೆ ಅವನು ಕೊನೆಯ ನಿಮಿಷವನ್ನಷ್ಟೇ ಹೇಳಿರುತ್ತಾನೆ. ನಮ್ಮ ಮಗ ಚೆಂಡು ಎದೆಗವಚಿಕೊಂಡು ಗೆರೆ ದಾಟಿದ್ದು, ಊರು ಎದ್ದು ಕುಣಿದದ್ದು. ಅದೆಲ್ಲ ನಿಜವೇ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ, ಮತ್ತು ಅದು ಬರಿಯ ನಮ್ಮ ಮಗನ ಕಥೆಯೂ ಅಲ್ಲ.

ನೆಸ್ಟರ್ ಕ್ವಿಂಟಾನಾ ನಿನಗೆ ಗೊತ್ತು. ನನ್ನ ಕೂದಲು ಕತ್ತರಿಸುವ ರೊಸಾಲ್ಬಾಳ ಮಗ. ಹೋದ ವರ್ಷ ನಮ್ಮ ಶಾಲೆಯ ಫುಟ್‌ಬಾಲ್ ತಂಡವನ್ನು ಜಿಲ್ಲೆಯ ಕೊನೆಯ ಸುತ್ತಿನವರೆಗೆ ಒಯ್ದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಆಗ ಅವನ ಮುಂದೆ ಗೋಡೆಯ ಹಾಗೆ ನಿಲ್ಲುತ್ತಿದ್ದ ಹುಡುಗರೆಲ್ಲ ಶಾಲೆ ಮುಗಿಸಿ ಹೋದರು. ಈ ವರ್ಷ ಆ ಜಾಗದಲ್ಲಿ ನಿಂತವರು ಹೊಸಬರು, ಎದುರಾಳಿ ನುಗ್ಗಿದರೆ ಎತ್ತ ತಳ್ಳಬೇಕೆಂದು ತಿಳಿಯದವರು. ಚೆಂಡು ಕೈಗೆ ಬಂದು ನೆಸ್ಟರ್ ತಲೆ ಎತ್ತುವುದರೊಳಗೆ ಯಾರೋ ಅವನ ಮೇಲೆ ಬಿದ್ದಿರುತ್ತಾರೆ. ಹಾಗೆ ಬಿದ್ದೂ ಬಿದ್ದೂ ಅವನು ಅವಸರದಲ್ಲಿ ಎಸೆಯತೊಡಗಿದ. ಎಸೆದದ್ದೆಲ್ಲ ಎದುರಾಳಿಗಳ ಕೈ ಸೇರತೊಡಗಿತು. ಸಾಲಾಗಿ ನಾಲ್ಕು ಆಟ ಸೋತೆವು.

ಊರು ಹೇಗೆಂದು ನಿನಗೆ ಹೇಳಬೇಕೆ. ಮೇವಿನ ಅಂಗಡಿಯ ಗೋಡೆಯ ಮೇಲೆ ಯಾರೋ ಹಾಸಿಗೆಯ ಬಟ್ಟೆ ತೂಗುಹಾಕಿ ದಪ್ಪ ಅಕ್ಷರದಲ್ಲಿ, "ನೆಸ್ಟರ್, ಚೆಂಡು ನಮ್ಮೋರಿಗೆ ಎಸಿಯಪ್ಪಾ" ಎಂದು ಬರೆದಿದ್ದರು. ಊರಿನ ಗಂಡಸರು ಕಾಫಿ ಕುಡಿಯುತ್ತ ಅವನನ್ನು ಆಡಿಕೊಳ್ಳುವುದು, ಅವರ ಹೆಂಡಂದಿರು ರೊಸಾಲ್ಬಾಳ ಕತ್ತರಿಗೆ ತಲೆ ಕೊಟ್ಟು ಆಟದ ಸುದ್ದಿಯನ್ನೇ ಎತ್ತದೆ ಕೂರುವುದು. ಅವಳ ಅಂಗಡಿಯಲ್ಲಿ ಹವಾಮಾನದ ವಿಷಯವನ್ನು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮಂಗಳವಾರ ಸಂಜೆ ಶಾಲೆಯ ಊಟದ ಮನೆಯಲ್ಲಿ ತಂಡದ ಬೆಂಬಲಿಗರ ಸಭೆ ಸೇರಿತು. ಹೆಸರಿಗೆ ಆಟದ ದಿನದ ಮೆರವಣಿಗೆಯ ಏರ್ಪಾಡಿನ ಚರ್ಚೆ. ಆದರೆ ಎಲ್ಲರೂ ಬಂದದ್ದು ನೆಸ್ಟರ್‌ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕಿತ್ತಾಡಲಿಕ್ಕೆ. ಹಾರ್ಲನ್ ಟೈರು ಅಂಗಡಿಯಿಂದ ನೇರವಾಗಿ ಬಂದಿದ್ದ, ಕೈಯ ಮಸಿಯನ್ನೂ ತೊಳೆದಿರಲಿಲ್ಲ.

"ಹುಡುಗ ಒಳ್ಳೆಯವ್ನೇ, ನಾನೇನ್ ಇಲ್ಲ ಅಂದ್ನಾ? ಆದ್ರೆ ಒಳ್ಳೆಯವ್ನು ಅಂತ ತೂತು ಬಿದ್ದ ಟೈರನ್ನ ಯಾರಾದ್ರೂ ಓಡಿಸ್ತಾರಾ?" ಎಂದ.

ಶಾಲೆಯ ಬಸ್ಸು ಓಡಿಸುವ ಲರ್ಲೀನ್ ಬಿಡುವವಳಲ್ಲ. "ಹೋದ್ ವರ್ಷ ಇದೇ ಟೈರಿನ್ ಮೇಲೆ ಕೂತು ಜಿಲ್ಲೆ ಎಲ್ಲಾ ಸುತ್ತಿದ್ಯಲ್ಲೋ ಹಾರ್ಲನ್. ಆಗ ಅವನ ಫೋಟೋ ನಿನ್ ಅಂಗಡಿ ಕಿಟಕೀಲಿ ಇತ್ತು. ಈಗ ಎಲ್ಲೋಯ್ತು?"

"ಬಿಸಿಲಿಗೆ ಬಣ್ಣ ಹೋಯ್ತು ಅಂತ ತೆಗ್ದೆ."

"ನಿನ್ ಬಣ್ಣವೂ ಹಂಗೇ ಹೋಯ್ತು ಬಿಡು."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನೆಸ್ಟರ್‌ನನ್ನು ಕೂರಿಸಿದರೆ ಅವನ ಬದಲಿಗೆ ಇಳಿಯುವವನು ಗ್ಯಾರೆಟ್ ತಾನೆ. ನೀನೇನಂತೀಯಾ ನೇಡೀನ್ ಎಂದು ಹಾರ್ಲನ್ ಕೇಳಿಯೇಬಿಟ್ಟ. ರೊಸಾಲ್ಬಾ ಕಿಟಕಿಯ ಪಕ್ಕ ಕುಳಿತಿದ್ದಳು. ನನ್ನನ್ನು ಕೇಳಬೇಡ, ನಾನು ಅಮ್ಮ ಎಂದೆ. ಅವಳು ಸಣ್ಣಗೆ ತಲೆ ಆಡಿಸಿದ್ದು ಕಾಣಿಸಿತು.

ಅಷ್ಟರಲ್ಲಿ ಬಾಗಿಲು ತೆರೆದು ನೆಸ್ಟರ್ ಒಳಗೆ ಬಂದ. ಅಭ್ಯಾಸ ಮುಗಿಸಿ ಬಂದವನು. ಮೊಣಕೈಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡಿದ್ದ, ಮೊಣಕಾಲಲ್ಲಿ ಹುಲ್ಲಿನ ಹಸಿರು.

"ನನ್ ವಿಷಯ ಮಾತಾಡ್ತಿದೀರ ಅಂತ ಗೊತ್ತಾಯ್ತು. ಆಚೆ ನಿಂತು ಕೇಳೋದಕ್ಕಿಂತ ಎದುರಿಗೇ ಬಂದು ಕೇಳೋಣ ಅನ್ನಿಸ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಹಾರ್ಲನ್‌ಗೆ ಕೂರಲೂ ಆಗದು, ನಿಲ್ಲಲೂ ಆಗದು. ಕೊನೆಗೆ, "ಸರಿ ಮಗಾ, ನೀನೇ ಹೇಳು. ನಿನ್ನ ಆಡಿಸ್ಬೇಕಾ ಬೇಡ್ವಾ?" ಎಂದ.

"ನನ್ನ ಕೇಳಿದ್ರೆ ಆಡಿಸಿ ಅಂತೀನಿ. ಆಡೋ ಆಸೆ ಇಲ್ದೋನು ಆ ಜಾಗದಲ್ಲಿ ನಿಲ್ಬಾರ್ದು. ಆದ್ರೆ ಅದು ಕೋಚ್ ಡಿಲ್ಲಾರ್ಡ್ ತೀರ್ಮಾನ. ಅವ್ರು ಸಾಕು ಅಂದ ದಿನ ನಾನೇ ಗ್ಯಾರೆಟ್ ಕೈಗೆ ಚೆಂಡು ಕೊಡ್ತೀನಿ. ನಿಮ್ಮನ್ನ ಒಂದೇ ಕೇಳ್ಕೊಳೋದು. ನನ್ನ ಏನ್ ಬೇಕಾದ್ರೂ ಅನ್ನಿ, ನನ್ ಮುಂದೆ ನಿಲ್ಲೋ ಹುಡುಗ್ರನ್ನ ಬೈಬೇಡಿ. ಅವ್ರು ಇನ್ನೂ ಕಲೀತಿದಾರೆ."

ಅಷ್ಟು ಹೇಳಿ, ಅಮ್ಮನ ಚೀಲ ತಾನು ಹಿಡಿದುಕೊಂಡು, ಅವಳನ್ನು ಮುಂದೆ ಬಿಟ್ಟು ನಡೆದುಹೋದ. ಹದಿನೇಳು ವರ್ಷದ ಹುಡುಗ, ರಾಯ್ಸ್. ಆ ಕೋಣೆಯಲ್ಲಿದ್ದ ದೊಡ್ಡವರಲ್ಲಿ ಹಾಗೆ ಬಂದು ನಿಲ್ಲಬಲ್ಲವರು ಯಾರಿದ್ದರೆಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಹಾಗೆಂದು ಶುಕ್ರವಾರ ಅವನ ಅದೃಷ್ಟ ತಿರುಗಲಿಲ್ಲ. ಕೋಚ್ ಅವನನ್ನೇ ಇಳಿಸಿದರು. ಹಾಲೊವೇ ಊರಿನವರು ಅವನನ್ನು ನೆಲಕ್ಕೆ ಒರೆಸಿ ಎತ್ತಿದರು. ಅವನು ಎಸೆದ ಎರಡು ಚೆಂಡು ಅವರ ಪಾಲಾದವು. ಆಗ ಮೇಲಿನ ಮೆಟ್ಟಿಲುಗಳಿಂದ ಶುರುವಾಯಿತು ನೋಡು. ಗ್ಯಾರೆಟ್, ಗ್ಯಾರೆಟ್ ಎಂದು. ಮೊದಲು ಒಬ್ಬಿಬ್ಬರು, ಆಮೇಲೆ ಒಂದಿಡೀ ಸಾಲು, ಕಾಲು ಕುಟ್ಟಿಕೊಂಡು. ಮಗನ ಹೆಸರನ್ನು ಊರು ಕೂಗಿದರೆ ಯಾವ ತಾಯಿಗೆ ಬೇಡ. ಆದರೆ ನನ್ನ ಕಣ್ಣು ಕೆಳಗಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ ರೊಸಾಲ್ಬಾಳ ಮೇಲಿತ್ತು. ಎದ್ದು ಇಳಿದುಹೋಗಿ ಅವಳ ಪಕ್ಕದಲ್ಲಿ ಕುಳಿತೆ.

"ನಿನ್ ಮಗನ ಹೆಸರು ಕೂಗ್ತಿದಾರೆ. ಮೇಲೆ ಕೂತು ಕೇಳ್ಕೋ ಹೋಗು," ಎಂದಳು.

"ಇಲ್ಲಿಗೂ ಕೇಳ್ಸತ್ತೆ," ಎಂದೆ.

ಅವಳು ಮಡಿಲ ಮೇಲಿದ್ದ ಜೋಳದ ಅರಳಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ತಿನ್ನಲಿಲ್ಲ.

ಅರ್ಧ ಆಟದ ವಿರಾಮ ಮುಗಿಸಿ ತಂಡ ಮರಳಿದಾಗ ಚೆಂಡು ಎಸೆಯುವ ಜಾಗಕ್ಕೆ ಬಂದವನು ಗ್ಯಾರೆಟ್. ನೆಸ್ಟರ್ ಬೆಂಚಿನ ಮೇಲೆ ಕೂರಲಿಲ್ಲ. ಬಲ ಅಂಚಿನಲ್ಲಿ, ಓಡಿ ಚೆಂಡು ಹಿಡಿಯುವವರ ಜಾಗದಲ್ಲಿ ನಿಂತಿದ್ದ. ಅಲ್ಲಿಗೆ ಹಾಕಿ ಎಂದು ತಾನೇ ಕೇಳಿಕೊಂಡನಂತೆ. ಗ್ಯಾರೆಟ್‌ನ ಮೊದಲ ಎಸೆತಗಳು ಅಡ್ಡಾದಿಡ್ಡಿ ಹೋದವು. ಮೇಲಿನ ಸಾಲುಗಳಿಗೆ ತಟ್ಟನೆ ಬಾಯಿ ಕಟ್ಟಿತು. ಪ್ರತಿ ಸಲವೂ ನೆಸ್ಟರ್ ಅಂಚಿನಿಂದ ಓಡಿಬಂದು, ನಮ್ಮ ಹುಡುಗನ ಶಿರಸ್ತ್ರಾಣವನ್ನು ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಮುಖ ಕೊಟ್ಟು ಏನೋ ಹೇಳಿ ಓಡುತ್ತಿದ್ದ. ಏನು ಹೇಳುತ್ತಿದ್ದ ಎಂದು ಆಮೇಲೆ ಗ್ಯಾರೆಟ್‌ನನ್ನು ಕೇಳಿದೆ. "ಉಸಿರಾಡು ಅಂತಿದ್ದ ಅಮ್ಮಾ. ಆಮೇಲೆ ಅವ್ರ ಆಟಗಾರರಲ್ಲಿ ಯಾರು ಸುಸ್ತಾಗಿದಾರೆ ಅಂತ ಹೇಳ್ತಿದ್ದ," ಎಂದ.

ಕೊನೆಯ ನಿಮಿಷಕ್ಕೆ ಬಂದಾಗ ನಾವಿನ್ನೂ ಹಿಂದಿದ್ದೆವು. ಗ್ಯಾರೆಟ್‌ಗೆ ಎಸೆಯಲು ಯಾರೂ ಸಿಗಲಿಲ್ಲ. ಚೆಂಡು ಅವಚಿಕೊಂಡು ಬಲಕ್ಕೆ ಓಡಿದ. ಊರೆಲ್ಲ ಚೆಂಡನ್ನು ನೋಡುತ್ತಿತ್ತು. ನಾನು ನೋಡುತ್ತಿದ್ದದ್ದು ಅವನ ಮೇಲೆ ಎರಗಲು ಅಡ್ಡವಾಗಿ ಬರುತ್ತಿದ್ದ, ಎತ್ತಿನಂಥ ಹಾಲೊವೇ ಹುಡುಗನನ್ನು. ನಮ್ಮ ಮಗನಿಗೆ ಅವನು ಕಂಡಿರಲೇ ಇಲ್ಲ. ನೆಸ್ಟರ್‌ಗೆ ಕಂಡಿದ್ದ. ಇಡೀ ಆಟ ಏಟು ತಿಂದ ತನ್ನ ಮೈಯನ್ನು ಎತ್ತಿ ಆ ಹುಡುಗನ ಸೊಂಟಕ್ಕೆ ಎಸೆದ. ಇಬ್ಬರೂ ಬಿದ್ದರು. ಅವರ ಪಕ್ಕದಲ್ಲೇ ಗ್ಯಾರೆಟ್ ಗೆರೆ ದಾಟಿಹೋದ, ನಾವು ಗೆದ್ದೆವು.

ಜನ ಮೈದಾನಕ್ಕೆ ನುಗ್ಗಿ ಗ್ಯಾರೆಟ್‌ನನ್ನು ಹೆಗಲಿಗೇರಿಸಿದರು. ನೆಸ್ಟರ್ ನಿಧಾನವಾಗಿ ಎದ್ದ, ಪಕ್ಕೆ ಒತ್ತಿ ಹಿಡಿದುಕೊಂಡು. ಆ ಹೊಸ ಹುಡುಗರ ಬಳಿ ಹೋಗಿ ಒಬ್ಬೊಬ್ಬರ ಬೆನ್ನನ್ನೂ ತಟ್ಟಿದ. ಹಾರ್ಲನ್ ಟೋಪಿ ತೆಗೆದು ನಮ್ಮ ಸಾಲಿಗೆ ಬಂದು ರೊಸಾಲ್ಬಾಳ ಮುಂದೆ ನಿಂತ. "ನಿನ್ ಮಗ..." ಎಂದು ಟೋಪಿಯ ಅಂಚನ್ನು ತಿರುವತೊಡಗಿದ.

ರೊಸಾಲ್ಬಾ ಅವನನ್ನು ಒಮ್ಮೆ ನೋಡಿ, "ಕೂದ್ಲು ಕಿವಿ ಮೇಲೆಲ್ಲಾ ಬಂದಿದೆ ಹಾರ್ಲನ್. ಸೋಮವಾರ ಬಾ," ಎಂದಳು.

ನಿನ್ನೆ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಮತ್ತೆ ಅದೇ ವಾದ, ಆದರೆ ಪಕ್ಷಗಳು ಅದಲುಬದಲು. ನೆಸ್ಟರ್‌ನನ್ನು ಬಿಟ್ಟುಕೊಡಬಾರದು ಎಂದು ಹಾರ್ಲನ್ ಮೇಜು ಗುದ್ದುತ್ತಿದ್ದ. ಗೆದ್ದ ಹುಡುಗನನ್ನು ಕೂರಿಸುವುದು ಯಾವ ನ್ಯಾಯ ಎಂದು ಲರ್ಲೀನ್ ಕೇಳುತ್ತಿದ್ದಳು. ನಾನು ಕಾಫಿಯನ್ನು ಕಟ್ಟಿಸಿಕೊಂಡು ಬಂದುಬಿಟ್ಟೆ.

ನಿನ್ನ ದನಿ ಫೋನಿನ ಧ್ವನಿಮುದ್ರಣ ಯಂತ್ರದಲ್ಲಿತ್ತು. ಬರುವ ಶುಕ್ರವಾರ ಗ್ಯಾರೆಟ್ ಮೊದಲಿನಿಂದಲೇ ಇಳಿಯುವುದಾದರೆ ಹೇಳು, ರಜೆ ಹಾಕಿ ಬರುತ್ತೇನೆ ಎಂದಿದ್ದೀಯ. ಇಳಿಯುತ್ತಾನೆ. ಮೊದಲಿನಿಂದಲೇ. ಬಾ. ಹಜಾರದ ಸೋಫಾದ ಮೇಲೆ ಹಾಸಿಗೆ ಹಾಕಿರುತ್ತೇನೆ. ಖಾರದ ಮಾಂಸದ ಸಾರು ಮಾಡಿರುತ್ತೇನೆ, ಬೀನ್ಸ್ ಕಾಳು ಹಾಕದೆ, ನಿನಗೆ ಸೇರುವ ಹಾಗೆ.

ಇಂತಿ,
ನಿನ್ನ ಮಗನ ತಾಯಿ, ಇನ್ನೂ ನಿನ್ನ ಮನೆತನದ ಟ್ಯಾಕೆಟ್ ಹೆಸರಲ್ಲೇ ಸಹಿ ಹಾಕುವ
ನೇಡೀನ್

ಮರೆತ ಮಾತು: ಇಳಿಯುತ್ತಾನೆ ಎಂದೆ, ಯಾವ ಜಾಗದಲ್ಲಿ ಎಂದು ಹೇಳಲಿಲ್ಲ. ಮರೆತದ್ದಲ್ಲ, ಹೇಳಿದರೆ ನೀನು ಬರಲಿಕ್ಕಿಲ್ಲ ಎಂದು ಹೆದರಿದೆ. ನಿನ್ನೆ ಗ್ಯಾರೆಟ್ ಸೈಕಲ್ ಹತ್ತಿ ಕೋಚ್ ಮನೆಗೆ ಹೋಗಿ, ಚೆಂಡನ್ನು ನೆಸ್ಟರ್ ಕೈಗೇ ಕೊಡಿ, ನಾನು ಅವನ ಮುಂದೆ ನಿಂತು ದಾರಿ ಬಿಡಿಸುತ್ತೇನೆ ಎಂದು ಕೇಳಿಕೊಂಡು ಬಂದಿದ್ದಾನೆ. ಕೋಚ್ ಒಪ್ಪಿದ್ದಾರೆ. ನನ್ನ ಬಳಿ ಬಂದು ಒಂದೇ ಕೇಳಿದ, ಅಪ್ಪನಿಗೆ ಬೇಜಾರಾಗುತ್ತದೆಯೇ ಎಂದು. ಇಲ್ಲ ಎಂದಿದ್ದೇನೆ. ನನ್ನ ಮಾತು ಉಳಿಸು, ರಾಯ್ಸ್.