ಭಾರ ಇಳಿಸಬಾರದ ಕಂಬ

೨೧-೧೦-೧೯೫೬, ರವಿವಾರ

ಇವತ್ತೂ ಡೋಣಿಯಿಂದ ಸೈಕಲ್ ತುಳಿದು ಮುಂಡರಗಿಗೆ. ಸೇತುವೆ ಕೆಲಸದ ಶೆಡ್ಡಿನಲ್ಲಿ ವಾಸುದೇವರಾವ್ ಇಂಜಿನಿಯರ್ ಸಾಹೇಬರು ಕಲ್ಲು ಮುರಿದು ಪರೀಕ್ಷೆ ಮಾಡುವುದೇ ನನಗೆ ಸಿನಿಮಾ!

"ಬಂದ್ರಾ ಮೂಕಪ್ಪ ಮಾಸ್ತರ? ಸಾಲಿ ಖಡು ತಂದೀರೇನು?"

ಸೀಮೆಸುಣ್ಣದ ಕಡ್ಡಿ ತಿರುಚಿದರು. ಟಿಕ್. ಸುರುಳಿಯಾಗಿ ಮುರಿಯಿತು. ಇನ್ನೊಂದರ ಎರಡೂ ತುದಿ ಒತ್ತಿ ಹಿಡಿದು ಅಷ್ಟೇ ತಿರುಚಿದರು. ಮುರಿಯಲಿಲ್ಲ! ಒತ್ತಿದ್ದನ್ನು ಸಡಿಲಿಸಿದರು — ಟಿಕ್.

"ಒತ್ತೋ ಭಾರಾನೇ ಅದನ್ನ ಕಾಯ್ತಿತ್ತು, ನೋಡ್ರಿ."

ಏನು ಮನುಷ್ಯ!

೨೬-೧೦, ಸಂಜೆ

ತಿರುಚಿ ತಿರುಚಿ ಮುರಿದು ಶಾಲೆಯ ಡಬ್ಬಿ ಸೀಮೆಸುಣ್ಣ ಖಾಲಿ. ಹೆಡ್ ಮಾಸ್ತರ ಶ್ರೀಪಾದರಾಯರು, "ಬರೀಲಿಕ್ಕೆ ಕೊಟ್ಟಿದ್ದೋ, ತಿನ್ನಲಿಕ್ಕೋ?" ಅಂದರು.

ಶಾಲೆಗೆ ನೀರು ತುಂಬುವ ದುರಗವ್ವ ವರಾಂಡದ ಕಲ್ಲುಕಂಬ ತೋರಿಸಿದಳು. "ಮಾಸ್ತರ, ಇದು ಹಲ್ಲ ಕಡೀತೈತ್ರಿ."

ಕಿವಿ ಇಟ್ಟೆ. ಗಾಳಿ ಇಲ್ಲ. ಯಾರೂ ಮುಟ್ಟಿಲ್ಲ. ಟಿಕ್.

ಬುಡದಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು... ಅದೇ ಸುರುಳಿ.

೨೮-೧೦, ರವಿವಾರ

ಸಾಹೇಬರು ಬಂದರು! ನನ್ನ ಸೈಕಲ್ ಮೇಲೆ! ಮಳೆಗೆ ಹಿಂದಿನ ಗೋಡೆ ಕುಸಿದು ಮೇಲಿನ ತೊಲೆ ಹೊರಳಿದೆಯಂತೆ. "ತೊಲಿ ಕಂಬದ ಕುತಿಗಿ ತಿರುವಲಿಕ್ಕೆ ಹತ್ತೇದ." ಮಾಳಿಗೆ ಮೇಲೆ, ಕಂಬದ ನೆತ್ತಿಗೆ, ಉಸುಕಿನ ಚೀಲ ಹೇರಿಸಿದರು. ಆಸರೆ ಕೊಡಲು ಕಟ್ಟಿಗೆ ತರುತ್ತೇನೆಂದು ಹೋದರು. "ಅಲ್ಲೀತನಕ ಒಂದ ಚೀಲಾನೂ ಇಳಿಸಬ್ಯಾಡ್ರಿ."

ಶಬ್ದ ನಿಂತಿದೆ. ಕಂಬ ಕಾಯುತ್ತಿರುವ ಹಾಗಿದೆ.

೩೧-೧೦

ಸಾಹೇಬರ ಸುದ್ದಿ ಇಲ್ಲ.

೧-೧೧, ಮಧ್ಯಾಹ್ನ, ಮಾಳಿಗೆ ಮೇಲೆ

ಇವತ್ತಿನಿಂದ ನಾವು ಮುಂಬಯಿ ರಾಜ್ಯದವರಲ್ಲ, ಮೈಸೂರು ರಾಜ್ಯದವರು. ಧ್ವಜ ಏರಿಸಿದ್ದು ದುರಗವ್ವ. ಉಳಿದ ದೊಡ್ಡವರೆಲ್ಲ ಮೇಲಿದ್ದೇವೆ.

ನಾನು ಬರುವ ಮೊದಲೇ ಶ್ರೀಪಾದರಾಯರು ಆಳುಗಳನ್ನು ಕರೆದುಕೊಂಡು ಹತ್ತಿದ್ದರು. "ಬಿರಕ ಬಿಟ್ಟ ಕಂಬದ ಮ್ಯಾಲೆ ಭಾರ ಹೇರ್ತಾರೇನು? ಹುಚ್ಚ ಇಂಜಿನಿಯರ!" ಚೀಲ ಕೆಳಗೆ ಎಸೆದರು. ಎಲ್ಲ ಒಡೆದವು. ಟಿಕ್. ಟಿಕ್ ಟಿಕ್. ಓಡಿ ಏಣಿ ಹತ್ತಿದೆ.

"ಇಳೀಬ್ಯಾಡ್ರಿ! ಈಗ ನಾವ ಚೀಲ!"

ಎಲ್ಲರನ್ನೂ ಕಂಬದ ನೆತ್ತಿಗೆ ಒತ್ತಾಗಿ ಕೂರಿಸಿದೆ. ಶಬ್ದ ನಿಂತಿತು. ದುರಗವ್ವ ಮಕ್ಕಳನ್ನು ಬೇವಿನ ಮರದಾಚೆ ಒಯ್ದಳು.

ಬಿಸಿಲು. ಆಳು ಹೊಳೆಯಪ್ಪ ಅಂದ — "ಚೀಲಕ್ಕ ನೀರಡಿಕಿ ಆಗೂದಿಲ್ಲರಿ ಮಾಸ್ತರ, ನಮಗ ಆಗ್ತೈತಿ."

ಹೊತ್ತು ಹೋಗಲಿ ಅಂತ ಕೂತಲ್ಲೇ ಬರೆಯುತ್ತಿದ್ದೇನೆ.

ಮುಂಡರಗಿ ದಾರಿಯಲ್ಲಿ ಧೂಳು! ಚಕ್ಕಡಿ. ಕಟ್ಟಿಗೆ ಹೇರಿದೆ. ಸಾಹೇಬರೇ!

ಶ್ರೀಪಾದರಾಯರು ಎದ್ದರು. "ಭಾಷಣ ನಂದದ. ಒಬ್ಬಾವ ಇಳದ್ರ ಏನಾಗ್ತದ?"

"ಕುಂಡ್ರಿ ಸರ್. ಬಂದ್ರು ನೋಡ್ರಿ, ಬಂದ್ರು."

ನಕ್ಕರು. ಏಣಿಗೆ ಕಾಲಿಟ್ಟರು. ಹೊಳೆಯಪ್ಪ ಅವರ ಅಂಗಿ ಹಿಡಿದ. ಮರದಾಚೆಯಿಂದ ದುರಗವ್ವ ಕೂಗುತ್ತಿದ್ದಾಳೆ, ಕೇಳಿಸುತ್ತಿಲ್ಲ. ನನ್ನ ಕೆಳಗೆ ಅದು ಮತ್ತೆ ಹಲ್ಲು ಕ—