ನಲವತ್ತೆಂಟು ಡ್ರಾಯರುಗಳು

ಗ್ರಂಥಾಲಯದ ಹಿಂದಿನ ಕ್ವಾರ್ಟರ್ಸ್, ಮನೆ ನಂಬರ್ ನಾಲ್ಕು
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡಗಿವಿಗೆ ಹೊಸ ಮಿಷನ್ ಹಾಕಿಸಿದ್ದಾರೆ ಅಂತ ಅತ್ತಿಗೆ ಹೇಳಿದರು. ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಅದನ್ನೂ ಡಬ್ಬಿಯಲ್ಲಿ ಮಲಗಿಸಿಬಿಟ್ಟಿದ್ದೀಯೋ? ನಿನ್ನ ಸ್ವಭಾವ ನನಗೆ ಗೊತ್ತು, ಕಿವಿ ಕೇಳಿಸದಿದ್ದರೂ ಪರವಾಗಿಲ್ಲ, ಕಿವಿಯಲ್ಲಿ ಏನೋ ಇದೆ ಅಂತ ನಾಲ್ಕು ಜನ ನೋಡಬಾರದು. ಮಂಡಿ ನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವುದಿಲ್ಲವಂತೆ. ಅತ್ತಿಗೆ ತಮ್ಮ ಸಕ್ಕರೆಯ ಮಾತ್ರೆ ಮರೆಯುತ್ತಿಲ್ಲ ತಾನೇ? ನಿನ್ನ ಮಗಳಿಗೆ ಹೇಳು, ಅವಳು ಕಳಿಸಿದ ಶಾಲು ದಿನಾ ಹೊದ್ದುಕೊಳ್ಳುತ್ತೇನೆ. ಹೊಸದು ಮಾಡಿದ ಗ್ರಂಥಾಲಯದಲ್ಲಿ ಏಸಿ ಎಷ್ಟು ಜೋರೆಂದರೆ ಶಾಲಿಲ್ಲದೆ ಕೂತರೆ ಸಂಜೆಗೆ ಕೈಕಾಲು ಮರಗಟ್ಟಿರುತ್ತವೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಜೊತೆ ಫೋನೆಂದರೆ ಕೂಗಾಟ, ಪಕ್ಕದ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಇದು ಕೂಗಿ ಹೇಳುವ ಮಾತಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಹೋದೆ. ಮೊನ್ನೆ ಅತ್ತಿಗೆ, ನೀನು ಗ್ರಂಥಾಲಯದ ಉದ್ಘಾಟನೆಗೆ ಬರಲು ಟಿಕೆಟ್ ತೆಗೆಸಿದ್ದೀಯ, ಹೊಸ ಅಂಗಿ ಹೊಲಿಸಿದ್ದೀಯ ಅಂದರು. ಇನ್ನು ತಡ ಮಾಡಿದರೆ ಆಗುವುದಿಲ್ಲ.

ಮೊದಲು ಗ್ರಂಥಾಲಯದ ಸುದ್ದಿ ಹೇಳಿಬಿಡುತ್ತೇನೆ. ನೀನು ಬಂದರೆ ಗುರುತೇ ಹಿಡಿಯಲಾರೆ. ಕೆಳಗಿನ ಅಂತಸ್ತಿನಲ್ಲಿ ಒಂದೇ ಒಂದು ಪುಸ್ತಕದ ಕಪಾಟಿಲ್ಲ. ಉದ್ದುದ್ದ ಮೇಜು, ಗಾಜಿನ ಸಣ್ಣ ಸಣ್ಣ ಕೋಣೆ, ಅದರೊಳಗೆ ಐದಾರು ಹುಡುಗರು ಕೂತು ಗೋಡೆಯ ಮೇಲೇ ಬರೆದು ಅಳಿಸುತ್ತಾರೆ. 'ಸದ್ದು ಮಾಡಬೇಡಿ' ಅಂತ ನೀನು ಬರೆಸಿದ್ದ ಬೋರ್ಡು ಈಗ ಮೂರನೇ ಅಂತಸ್ತಿಗೆ ಮಾತ್ರ ಸೀಮಿತ. ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಊರಾಚೆಯ ಉಗ್ರಾಣಕ್ಕೆ ಹೋದವು. ನಮ್ಮ ಕಾಲೇಜೂ ಸೇರಿ ಮೂರು ಕಾಲೇಜು ಕಟ್ಟಿಸಿದ ಉಗ್ರಾಣ ಅದು. ಬೇಕಾದ ಪುಸ್ತಕ ಕೇಳಿದರೆ ಮಾರನೆಯ ದಿನ ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತದೆ. ನಾನು ಮೊದಲೆಲ್ಲ ಮೂಗು ಮುರಿದೆ. ಆದರೆ ಸುಳ್ಳು ಯಾಕೆ ಹೇಳಲಿ, ಆ ಎರಡು ಕಾಲೇಜುಗಳ ಪುಸ್ತಕವೂ ಈಗ ನಮ್ಮ ಹುಡುಗರಿಗೆ ಸಿಗುತ್ತದೆ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಎರಡು ವರ್ಷ ಗೆಳತಿಯರ ಕೈಲಿ ಓದಿಸಿಕೊಳ್ಳುತ್ತಿದ್ದಳು. ಈಗ ಮಿಷನ್ ಮುಂದೆ ಪುಟ ಇಟ್ಟರೆ ಅದೇ ಓದಿ ಹೇಳುತ್ತದೆ. ಮೊದಲನೆಯ ದಿನ ಅವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಪುರಸಭೆಯ ಜೊತೆಗೂ ಒಪ್ಪಂದ ಆಗಿದೆ. ಕಾಲೇಜಿನವರಲ್ಲದಿದ್ದರೂ ಊರಿನ ಯಾರು ಬೇಕಾದರೂ ಒಂದು ಕಾರ್ಡು ಮಾಡಿಸಿಕೊಂಡು ಒಳಗೆ ಬರಬಹುದು. ನಿನ್ನ ಕಾಲದಲ್ಲಿ ಇದಕ್ಕಾಗಿ ನೀನು ಎಷ್ಟು ಅರ್ಜಿ ಬರೆದಿದ್ದೆ, ನೆನಪಿದೆಯಾ? ಆಯಿತು ನೋಡು, ನೀನು ನಿವೃತ್ತನಾದ ಒಂಬತ್ತು ವರ್ಷಕ್ಕೆ.

ನಿರ್ದೇಶಕರು ಒಳ್ಳೆಯವರೇ. ವಯಸ್ಸು ಚಿಕ್ಕದು, ನಡಿಗೆ ಜೋರು, ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುತ್ತಾರೆ. ನಿನ್ನ ಹೆಸರು ಎತ್ತಿದವಳು ನಾನಲ್ಲ, ಅವರೇ ಕೇಳಿದರು. "ಪತ್ರಿಕೆಗಳ ಸೂಚಿ ಮಾಡಿದ ಗ್ರಂಥಪಾಲಕರು ನಿಮ್ಮ ಅಣ್ಣ ಅಲ್ವಾ? ಅವರನ್ನ ಮುಂದಿನ ಸಾಲಿನಲ್ಲಿ ಕೂರಿಸಬೇಕು" ಅಂದರು. ಆಹ್ವಾನ ಪತ್ರ ನಿನಗೆ ಬಂದದ್ದು ಹಾಗೆ.

ಆ ಸೂಚಿಯ ವಿಷಯಕ್ಕೇ ಬರುತ್ತೇನೆ ಅಣ್ಣಾ. ಮನಸ್ಸು ಗಟ್ಟಿ ಮಾಡಿಕೊಂಡು ಓದು. ಅತ್ತಿಗೆ ಹತ್ತಿರ ಇದ್ದರೆ ಪಕ್ಕದಲ್ಲಿ ಕೂರಿಸಿಕೋ.

ಸೂಚಿ ಹೋಯಿತು. ನಾಲ್ಕು ಬೀರು, ನಲವತ್ತೆಂಟು ಡ್ರಾಯರು, ಅದರ ತುಂಬ ನೀನು ಬರೆದ ಕಾರ್ಡು. ಎರಡು ಡ್ರಾಯರು ನನ್ನ ಮೇಜಿನ ಮೇಲಿದ್ದವು, ಅವಷ್ಟೇ ಉಳಿದಿವೆ.

ಹೇಗೆ ಅಂತ ಹೇಳುತ್ತೇನೆ. ಕಟ್ಟಡದ ಕೆಲಸಕ್ಕಾಗಿ ಎಲ್ಲ ಸಾಮಾನಿಗೂ ಚೀಟಿ ಅಂಟಿಸುವ ಪದ್ಧತಿ ಮಾಡಿದ್ದರು. ಹಳದಿ ಚೀಟಿ ಇದ್ದರೆ ಉಗ್ರಾಣಕ್ಕೆ. ಹಸಿರು ಚೀಟಿ ಇದ್ದರೆ ಮೊದಲು ಸ್ಕ್ಯಾನಿಂಗ್ ಕೋಣೆಗೆ, ಆಮೇಲೆ ಇಲ್ಲೇ ಉಳಿಯುವುದು. ಚೀಟಿ ಇಲ್ಲದ್ದೆಲ್ಲ ರದ್ದಿ. ಮಾರ್ಚ್ ಒಂದನೇ ತಾರೀಖು ಶನಿವಾರ ರದ್ದಿ ಸಾಗಿಸುವ ದಿನ. ಶುಕ್ರವಾರ, ಶನಿವಾರ ನನ್ನನ್ನು ಹೊಸ ಸಾಫ್ಟ್‌ವೇರಿನ ತರಬೇತಿಗೆ ಪಕ್ಕದ ಕಾಲೇಜಿಗೆ ಕಳಿಸಿದ್ದರು. ಹೆಬ್ಬಾಗಿಲ ಹತ್ತಿರದ ಆ ಮೂಲೆ ಕತ್ತಲೆ, ಧೂಳು ಬೇರೆ. ಬೀರುಗಳ ಚೀಟಿ ಬಿದ್ದುಹೋಗಿತ್ತಂತೆ. ಸಾಮಾನು ಹೊರಿಸುವ ಮೇಸ್ತ್ರಿ ಚೀಟಿ ಇಲ್ಲ ಅಂತ ನೋಡಿದ, ಹೊರಿಸಿದ. ಅವನಿಗೇನು ಗೊತ್ತು.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ನೆಲದ ಮೇಲೆ ಬಿಳಿಚಿಕೊಂಡ ನಾಲ್ಕು ಚೌಕ ಇದ್ದವು. ನಲವತ್ತು ವರ್ಷ ಧೂಳು, ಒರೆಸುವ ನೀರು ಯಾವುದೂ ತಾಗದ ಜಾಗ. ನಮ್ಮ ಕಸ ಗುಡಿಸುವ ಆಯಾ ನನ್ನ ಮುಖ ನೋಡಿ ಪೊರಕೆ ಬಿಟ್ಟು ಬಂದಳು. ಇಬ್ಬರೂ ಆಟೋ ಹತ್ತಿ ರದ್ದಿ ಹೋಗಿದ್ದ ಕಾಗದದ ಕಾರ್ಖಾನೆಗೆ ಹೋದೆವು. ಗೇಟಿನವನು ಒಳಗೆ ಬಿಡಲಿಲ್ಲ. ಆಯಾ ಅವನ ಜೊತೆ ಜಗಳ ಆಡಿ, ಆಮೇಲೆ ಅತ್ತು, ಹೇಗೋ ಬಿಡಿಸಿದಳು. ಒಳಗಿದ್ದ ಮುದುಕ ಲೆಕ್ಕದ ಪುಸ್ತಕ ತೆಗೆದು ನೋಡಿ, "ಶನಿವಾರದ ಲೋಡು ಭಾನುವಾರ ತೊಟ್ಟಿಗೆ ಬಿತ್ತಮ್ಮ" ಅಂದ. ಹಳೆ ಕಾಗದ ನೆನೆಸಿ ಅರೆಯುವ ತೊಟ್ಟಿ ತೋರಿಸಿದ. ಬೂದು ಬಣ್ಣದ ಗಂಜಿಯಂಥದ್ದು ತಿರುಗುತ್ತಿತ್ತು. ನಾನು ಅಂಚಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಆಯಾ ಕೈ ಹಿಡಿದು ಎಳೆದಳು. ಬೀರುಗಳನ್ನು ಹಳೆ ಮರದ ವ್ಯಾಪಾರಿ ಒಯ್ದಿದ್ದ. ಅವನ ಅಂಗಡಿಗೂ ಹೋದೆವು. ಡ್ರಾಯರುಗಳ ಮೇಲೆ ನಿನ್ನ ಅಕ್ಷರದ ಹೆಸರುಪಟ್ಟಿ ಇನ್ನೂ ಇತ್ತು. ಒಳಗೆ ಖಾಲಿ.

ಹತ್ತೊಂಬತ್ತು ವರ್ಷದವಳಿದ್ದಾಗ ಲೇಬಲ್ ಅಂಟಿಸುವ ದಿನಗೂಲಿಗೆ ನನ್ನನ್ನು ಕರೆದುಕೊಂಡು ಬಂದೆಯಲ್ಲ, ಆಗಲೇ ನೀನು ಆ ಬೀರುಗಳ ಮುಂದೆ ನಿಲ್ಲಿಸಿದ್ದೆ. ಪ್ರತಿದಿನ ನಾಲ್ಕು ಪತ್ರಿಕೆ ಬರುತ್ತಿದ್ದವು. ಟೀ ಕುಡಿಯುವ ಮೊದಲೇ ನೀನು ಊರಿನ ಸುದ್ದಿಯನ್ನೆಲ್ಲ ಒಂದೊಂದು ಕಾರ್ಡಿಗೆ ಇಳಿಸುತ್ತಿದ್ದೆ. "ದೊಡ್ಡವರ ಸುದ್ದಿ ಎಲ್ಲರೂ ಇಟ್ಟುಕೊಳ್ಳುತ್ತಾರೆ, ನಾವು ಸಣ್ಣದನ್ನ ಇಟ್ಟುಕೊಳ್ಳೋಣ" ಅನ್ನುತ್ತಿದ್ದೆ. ಮುಳುಗಿದ ದೋಣಿ, ಮುಚ್ಚಿದ ಮಗ್ಗ, ಹೊಸ ಬಾವಿ, ಮೊದಲ ಬಸ್ಸು. ನನಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. ನೀನು ಕಾರ್ಡಿನ ಮೇಲೆ ಬಗ್ಗಿ ಬರೆಯುತ್ತಿದ್ದ ಬೆನ್ನೇ ನನ್ನ ಪಾಲಿಗೆ ಅಪ್ಪನ ಬೆನ್ನು.

ಪತ್ರಿಕೆಗಳು ಸುರಕ್ಷಿತವಾಗಿವೆ. ಎಲ್ಲವನ್ನೂ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದಾರೆ. ಆದರೆ ಹಳೆ ಅಚ್ಚು, ಮಸಿ ಚೆಲ್ಲಿದ ಅಕ್ಷರ, ಅದನ್ನು ಕಂಪ್ಯೂಟರಿಗೆ ಓದಲು ಬರುವುದಿಲ್ಲ. ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಲಕ್ಷ ಪುಟ ಇದೆ, ಯಾವ ಪುಟಕ್ಕೆ ಹೋಗಬೇಕು ಅಂತ ಹೇಳುವವರಿಲ್ಲ.

ಇದರಿಂದ ಆಗುವ ಕಷ್ಟ ಇಷ್ಟು ಬೇಗ ಎದುರಿಗೆ ಬರುತ್ತದೆ ಅಂದುಕೊಂಡಿರಲಿಲ್ಲ. ಅದೇ ವಾರ ಬುಧವಾರ ಒಬ್ಬ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪುರಸಭೆಯ ಹೊಸ ಕಾರ್ಡು ಕೈಯಲ್ಲಿ ಹಿಡಿದುಕೊಂಡು, ಒಳಗೆ ಬರಬಹುದಾ ಅಂತ ಬಾಗಿಲಲ್ಲೇ ಎರಡು ಸಲ ಕೇಳಿದ. ಅವನು ಬೆಳೆದದ್ದು ಅನಾಥಾಶ್ರಮದಲ್ಲಿ. ಕಾಲುವೆ ಸೇತುವೆಯ ಕೆಳಗೆ ಎಳೆಗೂಸಾಗಿ ಸಿಕ್ಕವನಂತೆ. ಆಗ ಪೇಪರಿನಲ್ಲೂ ಬಂದಿತ್ತು ಅಂತ ಆಶ್ರಮದ ಹಳೆಯ ಅಮ್ಮ ಸಾಯುವ ಮುಂಚೆ ಹೇಳಿದರಂತೆ. ಯಾವ ವರ್ಷ ಅಂತ ಅವರಿಗೂ ಸರಿಯಾಗಿ ನೆನಪಿಲ್ಲ, ಆಶ್ರಮದ ದಾಖಲೆ ಗೆದ್ದಲು ತಿಂದಿದೆ. ಮೂವತ್ತಾರರಿಂದ ನಲವತ್ತರ ಒಳಗೆ ವಯಸ್ಸು ಅಂತ ಅವನ ಲೆಕ್ಕ. ಹೆತ್ತವರನ್ನ ಹುಡುಕುತ್ತಿದ್ದೀರಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದ. "ಬಿಟ್ಟು ಹೋದವರು ಬೇಡ ಮೇಡಂ. ಎತ್ತಿಕೊಂಡವರು ಯಾರು ಅಂತ ಗೊತ್ತಾದರೆ ಸಾಕು" ಅಂದ.

ನಿನ್ನ ಸೂಚಿಯಲ್ಲಿ 'ಮಕ್ಕಳು, ಕಳೆದುಹೋದವರು' ಅಂತ ಒಂದು ಗುಂಪು, 'ಮಕ್ಕಳು, ಸಿಕ್ಕವರು' ಅಂತ ಇನ್ನೊಂದು. ಎರಡೂ ಒಂದೇ ಕಡೆ ಇರಲಿ ಅಂತ ನಾನು ಅಂದಾಗ ನೀನು ಗದರಿದ್ದೆ. ಬೀರು ಇದ್ದಿದ್ದರೆ ಹತ್ತು ನಿಮಿಷದ ಕೆಲಸ. ಈಗ ಅವನು ದಿನಾ ಪಾಳಿ ಮುಗಿಸಿ ಮೂರು ಗಂಟೆಗೆ ಬರುತ್ತಾನೆ. ಕೈ ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗಿರುವುದಿಲ್ಲ. ಪರದೆಯ ಮುಂದೆ ಕೂತು ಒಂದೊಂದೇ ಪುಟ ಸರಿಸುತ್ತಾನೆ. ಹನ್ನೊಂದು ದಿನದಲ್ಲಿ ಒಂದು ಪತ್ರಿಕೆಯ ನಾಲ್ಕು ತಿಂಗಳು ಮುಗಿದಿದೆ. ನಾನೂ ಪಕ್ಕದಲ್ಲಿ ಕೂತು ಇನ್ನೊಂದು ಪತ್ರಿಕೆ ನೋಡುತ್ತೇನೆ. ಅವನು ಬೇಸರ ಮಾಡಿಕೊಳ್ಳುವುದಿಲ್ಲ, ಅದೇ ನನಗೆ ತಡೆಯಲಾಗುವುದಿಲ್ಲ. ಮೊನ್ನೆ ಹೋಗುವಾಗ, "ನಿಮಗೆ ತೊಂದರೆ ಕೊಡ್ತಿದ್ದೀನಿ" ಅಂದ.

ಮೇಸ್ತ್ರಿಯನ್ನು ಕೆಲಸದಿಂದ ಬಿಡಿಸಿದ್ದಾರೆ. ನಿರ್ದೇಶಕರು ತುಂಬಾ ನೊಂದುಕೊಂಡಿದ್ದಾರೆ, ನಿನಗೆ ತಾವೇ ಬರೆಯುತ್ತೇನೆ ಅಂದರು. ನಾನೇ ಬರೆಯುತ್ತೇನೆ ಅಂತ ತಡೆದೆ. ಉದ್ಘಾಟನೆಗೆ ಬರುವುದು, ಬಿಡುವುದು ನಿನ್ನ ಇಷ್ಟ. ಬಂದರೆ ನೀನು ಮೊದಲು ನಡೆಯುವುದು ಆ ಮೂಲೆಗೇ ಅಂತ ಗೊತ್ತಿರುವುದರಿಂದ ಮುಂಚೆಯೇ ಹೇಳಿದ್ದೇನೆ. ಅಲ್ಲಿ ಈಗ ನೀರಿನ ಮಿಷನ್ ಇಟ್ಟಿದ್ದಾರೆ.

ಮಾತ್ರೆ ತಪ್ಪಿಸಬೇಡ. ಬಿಸಿಲಲ್ಲಿ ತಿರುಗಬೇಡ. ಅತ್ತಿಗೆಗೆ ನನ್ನ ನಮಸ್ಕಾರ, ನಿನ್ನ ಮಗಳಿಗೂ ಅಳಿಯನಿಗೂ ಪ್ರೀತಿ. ನಿನ್ನ ಕಾಲಿಗೆ ದೂರದಿಂದಲೇ ಬೀಳುತ್ತಿದ್ದೇನೆ, ಆಶೀರ್ವಾದ ಮಾಡಬೇಕು ಅಂತ ಈ ಸಲ ಕೇಳುವುದಿಲ್ಲ.

ನಿನ್ನ ತಂಗಿ

ಮರೆತದ್ದು: ಮರೆತದ್ದಲ್ಲ ಅಣ್ಣಾ, ಬಿಟ್ಟದ್ದು. ಕವರು ಅಂಟಿಸುವ ಮುಂಚೆ ಮತ್ತೆ ಕೂತಿದ್ದೇನೆ. ಚೀಟಿ ಬಿದ್ದುಹೋಗಿರಲಿಲ್ಲ. ನಾನು ಅಂಟಿಸಲೇ ಇಲ್ಲ. ನಾಲ್ಕು ಹಸಿರು ಚೀಟಿ ಇವತ್ತಿಗೂ ನನ್ನ ಬ್ಯಾಗಿನಲ್ಲಿವೆ. ಸ್ಕ್ಯಾನಿಂಗ್ ಕೋಣೆಯ ಹುಡುಗಿ ಮೂರು ಸಲ ಬಂದು, "ಮೇಡಂ, ಚೀಟಿ ಹಾಕಿಕೊಡಿ, ನಾನು ಜೋಪಾನವಾಗಿ ಮಾಡ್ತೀನಿ" ಅಂದಳು. ನಿನ್ನ ಕಾರ್ಡುಗಳು ಅವಳ ಮಿಷನ್ನಿನ ಬಾಯಿಗೆ ಹೋಗುವುದು ನನಗೆ ಇಷ್ಟವಾಗಲಿಲ್ಲ. ನಮ್ಮ ಬೀರುಗಳಿಗೆ ಯಾರ ಚೀಟಿಯೂ ಬೇಕಿಲ್ಲ, ಯಾರು ಮುಟ್ಟುತ್ತಾರೋ ನೋಡೋಣ ಅಂತ ಹಟ ಮಾಡಿದೆ. ಉಳಿದ ಎರಡು ಡ್ರಾಯರನ್ನು ಆಮೇಲೆ ಅವಳಿಗೆ ಕೊಟ್ಟೆ. ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು, ಒಂದು ಕಾರ್ಡಿನ ಮೂಲೆಯೂ ಮಡಚಿಲ್ಲ. ಎಲ್ಲವನ್ನೂ ಕೊಟ್ಟಿದ್ದರೆ ಒಂದು ತಿಂಗಳು ಹಿಡಿಯುತ್ತಿತ್ತು. ಅವಳು ಕೇಳಿದ್ದು ನವೆಂಬರಿನಲ್ಲಿ. ಚೀಟಿ ಬಿದ್ದುಹೋಗಿರಬೇಕು ಅಂತ ನಿರ್ದೇಶಕರಿಗೆ ಹೇಳಿದವಳೂ ನಾನೇ, ಬಿದ್ದ ಚೀಟಿ ಹುಡುಕದೆ ಹೊರಿಸಿದ ಅಂತ ಅದಕ್ಕೇ ಮೇಸ್ತ್ರಿಯ ಕೆಲಸ ಹೋಯಿತು. ನಾಳೆ ಬೆಳಿಗ್ಗೆ ಹೋಗಿ ಎಲ್ಲ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು. ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ. ಒಂದೇ ಕೇಳುತ್ತೇನೆ. ಸೇತುವೆಯ ಕೆಳಗೆ ಸಿಕ್ಕ ಮಗುವಿನ ಕಾರ್ಡು ನೀನೇ ಬರೆದಿರುತ್ತೀಯ. ವರ್ಷ ನೆನಪಾಗುತ್ತದಾ ನೋಡು, ವರ್ಷ ಬೇಡ, ಯಾವ ಕಾಲ, ಮಳೆಯಾ ಬಿಸಿಲಾ, ಅಷ್ಟಾದರೂ. ನನಗೆ ಬರೆಯಲು ಮನಸ್ಸಾಗದಿದ್ದರೆ ಗ್ರಂಥಾಲಯದ ವಿಳಾಸಕ್ಕೆ 'ಡಿಪೋ ಮೆಕ್ಯಾನಿಕ್' ಅಂತ ಬರೆದು ಹಾಕು. ಮೂರು ಗಂಟೆಗೆ ಅವನು ಅಲ್ಲೇ ಇರುತ್ತಾನೆ.